ಬೆಳಗಾವಿಗೆ ಸೆಕೆಂಡ್ ಹ್ಯಾಂಡ್ ಪೋರ್ಷೆ: ಕಂಪನಿ ವಾರಂಟಿಯೋ, ಹೊರಗಿನದೋ?

ಪ್ರಶ್ನೆ: ಸರ್, ನಮಸ್ಕಾರ. ನಾನು ಬೆಳಗಾವಿಯವನು. ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಮುಂಬೈಯಲ್ಲಿ ಒಬ್ಬ ವ್ಯಾಪಾರಿ ಹತ್ತಿರ 2018ರ ಪೋರ್ಷೆ 718 ಕೇಮನ್ ನೋಡಿ ಬಂದಿದ್ದೇನೆ. 26,000 ಕಿ.ಮೀ. ಓಡಿದೆ, ಇಬ್ಬರ ಕೈ ಬದಲಾಗಿದೆ. 58 ಲಕ್ಷ ಹೇಳುತ್ತಿದ್ದಾರೆ. ಹೊಸದರ ವಾರಂಟಿ ಎಂದೋ ಮುಗಿದಿದೆ. ಕಂಪನಿಯಿಂದಲೇ ಮತ್ತೆ ವಾರಂಟಿ ಮಾಡಿಸಿದರೆ ತಪಾಸಣೆ ಸೇರಿ ವರ್ಷಕ್ಕೆ ಎರಡೂವರೆ ಲಕ್ಷದ ಹತ್ತಿರ ಆಗುತ್ತದಂತೆ. ವ್ಯಾಪಾರಿ ಪೋರ್ಷೆಗೆ ಸಂಬಂಧವಿಲ್ಲದ ಹೊರಗಿನ ಕಂಪನಿಯ ಒಂದು ವಾರಂಟಿ ತೋರಿಸಿದರು: ವರ್ಷಕ್ಕೆ 80 ಸಾವಿರ, ಕ್ಲೇಮ್ ಮಿತಿ 3 ಲಕ್ಷ. ನಮ್ಮಪ್ಪ ಮಾತ್ರ ‘ಎರಡೂ ಬ್ಯಾಡ, ಆ ರೊಕ್ಕ ಬ್ಯಾಂಕಿನ್ಯಾಗ ಇಡು’ ಅಂತಾರೆ. ಯಾವುದು ಸರಿ? ಆಯಿಲ್ ಬದಲಿಸುವಂಥ ಸಣ್ಣ ಕೆಲಸ ಇಲ್ಲೇ ನಮ್ಮ ಮಿಸ್ತ್ರಿ ಕಡೆ ಮಾಡಿಸಬಹುದಾ?

ಉತ್ತರ: ನಾನು ಗಾಡಿ ಮಾರುವವನಲ್ಲ, ಮಿಸ್ತ್ರಿಯೂ ಅಲ್ಲ. ಮೋಟಾರ್ ವಿಮೆಯ ಸರ್ವೇಯರ್. ಗಾಡಿ ನಿಂತು, ಎಸ್ಟಿಮೇಟ್ ಬಂದು, ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತ ಮೇಲೆ ನನ್ನ ಕೆಲಸ ಶುರು. ಹಾಗಾಗಿ ಯಾವ ಕಾಗದ ಕೈಗೆ ಬಂದರೂ ನಾನು ಹಿಂದಿನಿಂದ ಓದುತ್ತೇನೆ. ಏನೇನು ಕೊಡುತ್ತೇವೆ ಅನ್ನುವುದು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ಯಾವಾಗ ಕೊಡುವುದಿಲ್ಲ ಅನ್ನುವುದು ಕೊನೆಯ ಪುಟದಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ.

ನೇರವಾಗಿ ಹೇಳುತ್ತೇನೆ. ಈ ಕಾರಿಗೆ, ನಿಮ್ಮ ಊರಿಗೆ, ಕಂಪನಿ ವಾರಂಟಿಯೇ ಸರಿ. ಆದರೆ ನೀವು ಅಂದುಕೊಂಡಿರುವ ಕಾರಣಕ್ಕಲ್ಲ. ನಾಳೆ ಏನಾದರೂ ಕೆಟ್ಟರೆ ಕಂಪನಿ ನೋಡಿಕೊಳ್ಳುತ್ತದೆ ಅನ್ನುವುದು ಎರಡನೆಯ ಮಾತು. ಮೊದಲನೆಯದು, ಆ ವಾರಂಟಿ ಕೊಡುವ ಮುಂಚೆ ಅವರು ಗಾಡಿಯನ್ನು ಹೇಗೆ ನೋಡುತ್ತಾರೆ ಅನ್ನುವುದು. ಎರಡೂವರೆ ಲಕ್ಷದಲ್ಲಿ ನೀವು ನಿಜವಾಗಿ ಕೊಳ್ಳುವುದು ಅದನ್ನೇ.

ಪೋರ್ಷೆಯವರ ‘ಅಪ್ರೂವ್ಡ್’ ವಾರಂಟಿಗೆ ಮುಂಚೆ 111 ಅಂಶಗಳ ತಪಾಸಣೆ ಇದೆ. ಲಿಫ್ಟ್ ಮೇಲೆ ಏರಿಸುತ್ತಾರೆ, ಅಡಿಯ ಕವರ್ ತೆಗೆಯುತ್ತಾರೆ, ಕಂಪ್ಯೂಟರ್ ಹಚ್ಚುತ್ತಾರೆ. ಕೊರತೆ ಕಂಡರೆ ಅದನ್ನು ಸರಿಮಾಡಿಸಿದ ಮೇಲೆಯೇ ವಾರಂಟಿ. ಯೋಚಿಸಿ: ನಾಳೆ ಕೆಟ್ಟರೆ ದುಡ್ಡು ಕೊಡಬೇಕಾದವನೇ ಇವತ್ತು ತಪಾಸಣೆ ಮಾಡುತ್ತಿದ್ದಾನೆ. ಅವನಿಗಿಂತ ಅನುಮಾನದಿಂದ ನೋಡುವವರು ಬೇರೆ ಯಾರಿದ್ದಾರೆ? ಹೊರಗಿನ ವಾರಂಟಿ ಮಾರುವವರು ಬಹಳಷ್ಟು ಸಲ ನಾಲ್ಕು ಫೋಟೊ, ಓಡೋಮೀಟರಿನ ಒಂದು ಫೋಟೊ ಕೇಳಿ ಕಾಗದ ಕೊಟ್ಟುಬಿಡುತ್ತಾರೆ. ಸುಲಭ ಅನಿಸುತ್ತದೆ. ಅವರ ತಪಾಸಣೆ ಕ್ಲೇಮ್ ಬಂದ ದಿನ ಶುರುವಾಗುತ್ತದೆ, ಅಷ್ಟೇ. ಆಗ ‘ಈ ದೋಷ ಮೊದಲೇ ಇತ್ತು’ ಅನ್ನುತ್ತಾರೆ. ಇರಲಿಲ್ಲ ಅಂತ ತೋರಿಸಲು ನಿಮ್ಮ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ.

ಆ ತಪಾಸಣೆಯಲ್ಲಿ ಎಂಜಿನ್ ಕಂಪ್ಯೂಟರಿನ ವರದಿಯನ್ನು ಕೇಳಿ ಪಡೆಯಿರಿ. ಡಿಎಂಇ ರಿಪೋರ್ಟ್ ಅನ್ನುತ್ತಾರೆ. ಎಂಜಿನ್ ಮಿತಿ ಮೀರಿ ಎಷ್ಟು ಸಲ ತಿರುಗಿದೆ ಅನ್ನುವುದನ್ನು ಆರು ಹಂತಗಳಲ್ಲಿ ಅದು ಬರೆದಿಟ್ಟಿರುತ್ತದೆ. ಕೈಗೇರಿನ ಗಾಡಿಯಲ್ಲಿ ತಪ್ಪಿ ಕೆಳಗಿನ ಗೇರಿಗೆ ಹಾಕಿದರೆ ಮೇಲಿನ ಹಂತಗಳಲ್ಲಿ ಎಣಿಕೆ ಬರುತ್ತದೆ. ಪಿಡಿಕೆ, ಅಂದರೆ ಪೋರ್ಷೆಯ ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸ್, ಅಂಥ ತಪ್ಪಿಗೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಪಿಡಿಕೆ ಗಾಡಿಯ ಮೇಲಿನ ಹಂತದಲ್ಲಿ ಏನಾದರೂ ಕಂಡರೆ ಅಲ್ಲಿಯೇ ನಿಂತು ಕೇಳಬೇಕು.

ಅದಕ್ಕಿಂತ ನನಗೆ ಇಷ್ಟವಾದದ್ದು ಅದೇ ವರದಿಯ ಇನ್ನೊಂದು ಸಾಲು: ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ. ಓಡೋಮೀಟರನ್ನು ಹಿಂದೆ ತಿರುಗಿಸುವವರು ಗಂಟೆಯ ಲೆಕ್ಕ ಮರೆಯುತ್ತಾರೆ. 26,000 ಕಿ.ಮೀ.ಗೆ 900 ಗಂಟೆ ಇದ್ದರೆ ಗಂಟೆಗೆ 29 ಕಿ.ಮೀ. ಆಯಿತು, ಊರಲ್ಲಿ ಓಡಿದ ಗಾಡಿಗೆ ಸರಿಯಾದ ಲೆಕ್ಕ. ಅದೇ 1,700 ಗಂಟೆ ಇದ್ದರೆ ಗಂಟೆಗೆ ಬರೀ 15 ಕಿ.ಮೀ. ಮುಂಬೈ ಟ್ರಾಫಿಕ್ಕಿಗೆ ಎಷ್ಟೇ ಬೈದರೂ ಈ ಲೆಕ್ಕ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಓಡಿದ್ದು 26,000 ಅಲ್ಲ ಅಂತಲೇ ನನ್ನ ಅನುಮಾನ.

ಟೈರ್ ನೋಡಿ. ಪೋರ್ಷೆ ಒಪ್ಪಿದ ಟೈರುಗಳ ಬದಿಯಲ್ಲಿ ‘ಎನ್’ ಅಕ್ಷರ, ಅದರ ಪಕ್ಕ ಒಂದು ಅಂಕಿ ಇರುತ್ತದೆ. ಬೇರೆ ಟೈರ್ ಹಾಕಿದ್ದರೆ ವಾರಂಟಿಗೆ ತಕರಾರು ಬರಬಹುದು. ನಾಲ್ಕು ಹೊಸ ಟೈರ್ ಯಾರು ಹಾಕಿಸಬೇಕು ಅನ್ನುವುದು ಚೌಕಾಶಿಯ ವಿಷಯ, ಅದನ್ನು ಟೋಕನ್ ಕೊಡುವ ಮುಂಚೆಯೇ ಮುಗಿಸಿ.

ಈಗ ಹೊರಗಿನ ವಾರಂಟಿ. ಅದರ ಬಗ್ಗೆ ಹೇಳುವ ಮುಂಚೆ ನನ್ನದೇ ಒಂದು ಪೆದ್ದುತನ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಅಕ್ಕನ ಮಗನಿಗೆ ನಾನೇ ಮುಂದೆ ನಿಂತು ಒಂದು ಹಳೆಯ ಜರ್ಮನ್ ಸೆಡಾನ್ ಕೊಡಿಸಿದೆ. ‘ಮಾಮಾ ಇದ್ದಾನೆ, ಚಿಂತೆ ಇಲ್ಲ’ ಅಂತ ಅವನು ಕಣ್ಣು ಮುಚ್ಚಿ ಸಹಿ ಹಾಕಿದ. ಜೊತೆಗೆ ಹೊರಗಿನ ಒಂದು ವಾರಂಟಿ. ಏಳು ತಿಂಗಳಾದ ಮೇಲೆ ಕಿತ್ತೂರಿನ ಹತ್ತಿರ ಹೈವೇಯಲ್ಲಿ ಗೇರ್‌ಬಾಕ್ಸ್ ಕೈಕೊಟ್ಟಿತು. ಗಾಡಿಯನ್ನು ವರ್ಕ್‌ಶಾಪಿಗೆ ಸೇರಿಸಿದೆವು. ವಾರಂಟಿಯವರು ‘ಬಿಚ್ಚಿ ಕಾರಣ ತೋರಿಸಿ, ಆಮೇಲೆ ಒಪ್ಪಿಗೆ’ ಅಂದರು. ವರ್ಕ್‌ಶಾಪಿನವರು ‘ಒಪ್ಪಿಗೆ ಇಲ್ಲದೆ ಬಿಚ್ಚಲ್ಲ, ಬಿಚ್ಚಿದರೆ ಮಜೂರಿ ನೀವೇ ಕೊಡಬೇಕು’ ಅಂದರು. ಹದಿನೆಂಟು ದಿನ ಈ ಕಡೆಯಿಂದ ಆ ಕಡೆಗೆ ಫೋನ್. ಕೊನೆಗೆ ನಾವೇ ದುಡ್ಡು ಕೊಟ್ಟು ಬಿಚ್ಚಿಸಿದೆವು. ಉತ್ತರ ಬಂತು: ಎಂಜಿನ್ ಆಯಿಲ್ ಬದಲಿಸುವುದು 1,100 ಕಿ.ಮೀ. ತಡವಾಗಿದೆ, ಕ್ಲೇಮ್ ತಿರಸ್ಕರಿಸಲಾಗಿದೆ.

ಎಂಜಿನ್ ಆಯಿಲಿಗೂ ಗೇರ್‌ಬಾಕ್ಸಿಗೂ ಏನು ಸಂಬಂಧ? ಗಾಡಿಯಲ್ಲಿ ಇಲ್ಲ. ಕಾಗದದಲ್ಲಿತ್ತು. ‘ಯಾವುದೇ ಸರ್ವಿಸ್ ತಪ್ಪಿದರೆ ಇಡೀ ವಾರಂಟಿ ರದ್ದು’ ಅಂತ ಒಂದು ಸಾಲು. ಊರಿನವರ ಕಾಗದವನ್ನೆಲ್ಲ ಹಿಂದಿನಿಂದ ಓದುವ ನಾನು, ಮನೆಯವರದನ್ನು ಓದಿರಲಿಲ್ಲ. ಅಕ್ಕ ಇವತ್ತಿಗೂ ಕುಂದಾ ಬಡಿಸುವಾಗ ಅದನ್ನು ನೆನಪಿಸುತ್ತಾಳೆ.

ಹಾಗಂತ ಹೊರಗಿನದೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ನಿಮಗೆ ತೋರಿಸಿದ ಆ 3 ಲಕ್ಷದ ಮಿತಿಯನ್ನು ಒಮ್ಮೆ ಬಿಡಿಸಿ ನೋಡೋಣ. ರಿಪೇರಿ ಬಿಲ್ಲಿನ ಮೇಲೆ 18% ಜಿಎಸ್‌ಟಿ ಹಿಡಿದರೆ, ತೆರಿಗೆ ಮಿತಿಯ ಒಳಗೇ ಬಂದಾಗ ಉಳಿಯುವುದು ಸುಮಾರು 2 ಲಕ್ಷ 54 ಸಾವಿರದ ಕೆಲಸ. ಕೇಮನ್ನಿನ ಎಂಜಿನ್ ಸೀಟಿನ ಹಿಂದೆ, ಗಾಡಿಯ ನಡುವೆ ಹುದುಗಿದೆ. ಬಾನೆಟ್ ಎತ್ತಿ ಕೈ ಹಾಕುವ ಹಾಗಿಲ್ಲ. ಮುಂದೆ ಎತ್ತಿದರೂ ಡಿಕ್ಕಿ, ಹಿಂದೆ ಎತ್ತಿದರೂ ಡಿಕ್ಕಿ. ಹಾಗಾಗಿ ಸಣ್ಣ ಭಾಗಕ್ಕೂ ಮಜೂರಿ ಗಂಟೆಗಳು ಏರುತ್ತವೆ. ಹೊರಗಿನ ಅನೇಕ ವಾರಂಟಿಗಳಲ್ಲಿ ಗಂಟೆಗೆ ಇಷ್ಟೇ ಮಜೂರಿ ಅಂತ ಒಂದು ಮಿತಿ ಇರುತ್ತದೆ. ವರ್ಕ್‌ಶಾಪಿನ ದರ ಅದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದು ನಿಮ್ಮ ಜೇಬಿನಿಂದ. ಕೆಲವದರಲ್ಲಿ ಓಡಿದ ಕಿ.ಮೀ. ಲೆಕ್ಕ ಹಾಕಿ ಬಿಡಿಭಾಗದ ಬೆಲೆಯಲ್ಲೂ ಒಂದು ಪಾಲು ಕಳೆಯುತ್ತಾರೆ. ಪಿಡಿಕೆ ಪೂರ್ತಿ ಹೋದರೆ 3 ಲಕ್ಷ ಯಾವ ಮೂಲೆಗೂ ಸಾಲದು. ಅಂದರೆ ಈ ವಾರಂಟಿ ನಿಮ್ಮನ್ನು ಸಣ್ಣ ಖರ್ಚಿನಿಂದ ಕಾಯುತ್ತದೆ, ದೊಡ್ಡ ಖರ್ಚಿಗೆ ಕೈಬಿಡುತ್ತದೆ. ನಮಗೆ ಬೇಕಾಗಿರುವುದು ಇದರ ತಿರುವುಮುರುವು ಅಲ್ವಾ?

ಕಾಗದದಲ್ಲಿ ಎರಡು ಬಗೆ ಇವೆ. ಒಂದರಲ್ಲಿ ‘ಈ ಭಾಗಗಳಿಗೆ ಕೊಡುತ್ತೇವೆ’ ಅಂತ ಪಟ್ಟಿ. ಇನ್ನೊಂದರಲ್ಲಿ ‘ಈ ಭಾಗಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕೊಡುತ್ತೇವೆ’ ಅಂತ. ಎರಡನೆಯದು ಯಾವಾಗಲೂ ಮೇಲು. ಕಂಪನಿ ವಾರಂಟಿ ಹೆಚ್ಚಾಗಿ ಈ ಎರಡನೆಯ ಬಗೆಯದು; ಬಿಟ್ಟಿರುವುದು ಬ್ರೇಕ್ ಪ್ಯಾಡ್, ಡಿಸ್ಕ್, ವೈಪರ್, ಟೈರ್‌ನಂಥ ಸವೆಯುವ ಸಾಮಾನು. ಹೊರಗಿನದು ಬಹುಪಾಲು ಮೊದಲನೆಯ ಬಗೆ. ಪಟ್ಟಿ ಉದ್ದ ಇದೆ ಅಂತ ಖುಷಿಪಡಬೇಡಿ. ‘ಗೇರ್‌ಬಾಕ್ಸ್’ ಅಂತ ಬರೆದಿದ್ದು, ಅದರ ತಲೆಯಾದ ಮೆಕಾಟ್ರಾನಿಕ್ಸ್ ಹೆಸರು ಎಲ್ಲೂ ಇಲ್ಲದ ಪಟ್ಟಿಗಳನ್ನು ನಾನು ನೋಡಿದ್ದೇನೆ.

ಇನ್ನೊಂದು ಸಾಲು ಹುಡುಕಿ: ಒಂದು ಭಾಗ ಕೆಟ್ಟದ್ದರಿಂದ ಇನ್ನೊಂದು ಭಾಗಕ್ಕೆ ಆದ ಹಾನಿ. ನನ್ನ ಅನುಭವದಲ್ಲಿ ಜಗಳ ಹುಟ್ಟುವುದೇ ಇಲ್ಲಿ. ಒಂದು ಉದಾಹರಣೆ ಹೇಳುತ್ತೇನೆ. ಭಾನುವಾರ ನೀವು ಚೋರ್ಲಾ ಘಾಟಿಗೆ ಹೋಗಿದ್ದೀರಿ, ಹೋಗದೆ ಇರುವುದಿಲ್ಲ ಬಿಡಿ. ಏರಿನಲ್ಲಿ ವಾಟರ್ ಪಂಪ್ ಸೋರಿತು. ಎಂಜಿನ್ ಬಿಸಿಯಾಗಿ ಅದರ ಸಿಲಿಂಡರ್ ಹೆಡ್ ಹೋಯಿತು. ಪಂಪು ಪಟ್ಟಿಯಲ್ಲಿದೆ, ಹೆಡ್ಡೂ ಇದೆ. ಆದರೆ ‘ಪರಿಣಾಮದ ಹಾನಿಗೆ ಹೊಣೆಯಿಲ್ಲ’ ಅನ್ನುವ ಸಾಲಿದ್ದರೆ ಪಂಪಿಗಷ್ಟೇ ದುಡ್ಡು ಬರುತ್ತದೆ, ಎಂಜಿನ್ ನಿಮ್ಮ ತಲೆಗೆ. ಕೆಂಪು ದೀಪ ಬಂದ ಮೇಲೂ ‘ಇಲ್ಲೇ ಜಾಂಬೋಟಿ ತನಕ’ ಅಂತ ಓಡಿಸಿದರೆ ಕಂಪನಿಯವರೂ ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಬರೆದಿರುತ್ತದೆ. ದೀಪ ಬಂತೋ, ಬದಿಗೆ ಹಾಕಿ ಕೀ ತೆಗೆಯಿರಿ.

ಹಾಗಾದರೆ ಹೊರಗಿನ ವಾರಂಟಿ ಯಾರಿಗೆ? ಕಂಪನಿ ಬಾಗಿಲು ಮುಚ್ಚಿದ ಗಾಡಿಗಳಿಗೆ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. 2016ರಲ್ಲಿ ಇಲ್ಲಿಗೆ ಬಂದ ಮಸ್ಟಾಂಗ್ ಕೊಳ್ಳುವವರು ಏನು ಮಾಡಬೇಕು? ಹತ್ತು ವರ್ಷ ದಾಟಿದ ಬಿಎಂಡಬ್ಲ್ಯು ಝಡ್4 ಇಟ್ಟವರು? ಅಂಥವರಿಗೆ ಒಳ್ಳೆಯ ಹೊರಗಿನ ವಾರಂಟಿ ಒಂದು ದಾರಿ. ಹಿಂದೆ ಯಾವ ವಿಮಾ ಕಂಪನಿ ನಿಂತಿದೆ ಅಂತ ಕಾಗದದಲ್ಲೇ ಹೆಸರು ಇರಬೇಕು. ಬರೀ ವಾರಂಟಿ ಕಂಪನಿಯ ಹೆಸರು, ಚಂದದ ಲಾಂಛನ ಇದ್ದರೆ ಸಾಲದು. ಅದು ನಾಳೆ ಬಾಗಿಲು ಹಾಕಿದರೆ ಕೇಳುವುದು ಯಾರನ್ನು? ನಿಮ್ಮ ಪರಿಸ್ಥಿತಿ ಹಾಗಿಲ್ಲ. ನಿಮಗೆ ಕಂಪನಿ ಬಾಗಿಲು ತೆರೆದಿದೆ.

ತೆರೆದಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಭಾರತದ ಷರತ್ತು ನೋಡಿ ಖಚಿತ ಮಾಡಿಕೊಳ್ಳಿ. ಯುರೋಪಿನ ಕೆಲವು ದೇಶಗಳಲ್ಲಿ ಪೋರ್ಷೆ 15 ವರ್ಷದ ತನಕದ ಗಾಡಿಗೂ ವಾರಂಟಿ ಕೊಡುತ್ತದೆ. ಅಲ್ಲಿಯದನ್ನು ಓದಿ ಇಲ್ಲಿ ಲೆಕ್ಕ ಹಾಕಬೇಡಿ. ಎಷ್ಟು ವರ್ಷದ ತನಕ ಮುಂದುವರಿಸಬಹುದು, ಮುಂದಿನ ಮಾಲೀಕರಿಗೆ ವರ್ಗಾವಣೆ ಆಗುತ್ತದೆಯೇ, ಎಲ್ಲವನ್ನೂ ಇ-ಮೇಲಿನಲ್ಲಿ ಬರೆಸಿಕೊಳ್ಳಿ. ವರ್ಗಾವಣೆ ಆಗುವ ವಾರಂಟಿ ಇದ್ದರೆ ನೀವು ಮಾರುವಾಗ ಸ್ವಲ್ಪ ದುಡ್ಡು ವಾಪಸ್ ಬಂದ ಹಾಗೆ.

ಇದರಲ್ಲಿ ಒಂದು ತೊಡಕು ಇದೆ, ಅದು ಬೆಳಗಾವಿಯದು. ಮುಂಬೈಗೂ ಬೆಂಗಳೂರಿಗೂ ನಮ್ಮೂರು ಸರಿಸುಮಾರು 500 ಕಿ.ಮೀ. ನಟ್ಟನಡುವೆ ಸಿಕ್ಕಿಕೊಂಡಿದ್ದೇವೆ. ಕಂಪನಿ ವಾರಂಟಿ ಇದ್ದರೂ ಕೆಲಸ ಆಗುವುದು ಅವರ ಸೆಂಟರಿನಲ್ಲಿ. ಗಾಡಿ ಇಲ್ಲಿ ನಿಂತರೆ ಫ್ಲ್ಯಾಟ್‌ಬೆಡ್ ಲಾರಿ ಮೇಲೆ ಹೋಗಬೇಕು. ರೋಡ್‌ಸೈಡ್ ಅಸಿಸ್ಟೆನ್ಸ್ ಎಷ್ಟು ಕಿ.ಮೀ. ತನಕ ಪುಕ್ಕಟೆ? ಐವತ್ತೇ, ಐನೂರೇ? ವಾರಂಟಿಯ ಜೊತೆ ಅದು ಸೇರಿದೆಯೋ, ಬೇರೆ ದುಡ್ಡೋ? ಮುಂಬೈಯವನು ಈ ಪ್ರಶ್ನೆ ಕೇಳದಿದ್ದರೆ ನಡೆಯುತ್ತದೆ, ನೀವು ಕೇಳಲೇಬೇಕು. ಪ್ರತಿ ಸರ್ವಿಸಿಗೂ ಹೋಗಿಬರುವುದು ಸಾವಿರ ಕಿ.ಮೀ. ಹೈವೇ 48 ಚೆನ್ನಾಗಿದೆ, ನಿಮಗೆ ಅದು ಸುಖವೇ ಇರಬಹುದು, ಆದರೆ ಖರ್ಚಿನಲ್ಲಿ ಬರೆದಿಡಿ.

ಎರಡೂ ವಾರಂಟಿ ಕೊಡದ ಸಂಗತಿಗಳು ನಮ್ಮ ಭಾಗದಲ್ಲೇ ಜಾಸ್ತಿ. ರಸ್ತೆ ಉಬ್ಬಿಗೆ ತಗುಲಿ ಗಾಡಿಯ ಅಡಿ ಒಡೆದರೆ ಅದು ಅಪಘಾತ, ವಿಮೆಗೆ ಹೋಗಬೇಕು. ಮಳೆಗಾಲದಲ್ಲಿ ಇಲಿ ಹೊಕ್ಕು ವೈರ್ ಕಡಿದರೆ ವಾರಂಟಿ ಇಲ್ಲ. ವಿಮೆಯವರು ಇನ್ನೊಂದು ಕಡೆಯಿಂದ ಬಾಗಿಲು ಹಾಕಿರುತ್ತಾರೆ: ತಾನಾಗಿ ಕೆಟ್ಟ ಯಂತ್ರಕ್ಕೆ, ಸವೆತಕ್ಕೆ ಸಾಮಾನ್ಯ ಮೋಟಾರ್ ಪಾಲಿಸಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಜನ ಇವೆರಡನ್ನೂ ಒಂದೇ ಅಂದುಕೊಂಡು ನನ್ನ ಮುಂದೆ ಬಂದು ಕೂರುತ್ತಾರೆ. ಕೇಮನ್ನಿಗೆ ಮುಂದಿನ ಎರಡು ಮೂಲೆಗಳಲ್ಲಿ ರೇಡಿಯೇಟರ್ ಇವೆ. ಗಾಳಿಯ ಬಾಯಿಯಲ್ಲಿ ಎಲೆ, ಕಸ ಸೇರಿ, ಒದ್ದೆಯಾಗಿಯೇ ಉಳಿದು, ಎಸಿ ಕಂಡೆನ್ಸರ್ ತೂತಾಗುತ್ತದೆ. ‘ಹೊರಗಿನ ಕಾರಣದಿಂದ ತುಕ್ಕು’ ಅಂತ ಅದನ್ನು ತಳ್ಳಿಹಾಕುವುದು ಸುಲಭ. ಮಳೆಗಾಲ ಮುಗಿದ ಮೇಲೆ ಒಮ್ಮೆ ಸ್ವಚ್ಛ ಮಾಡಿಸಿ, ರಸೀದಿ ಇಡಿ.

ಪೆಟ್ರೋಲಿನ ಮಾತೂ ಇದೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತದ್ದು. ನಮ್ಮ ಜಿಲ್ಲೆಯ ಕಬ್ಬೇ ನಮ್ಮ ಗಾಡಿಗೆ ಬರುತ್ತಿದೆ, ರೈತರಿಗೆ ಒಳ್ಳೆಯದೇ. ಆದರೆ 2018ರ ಗಾಡಿಗೆ ಈ ಪೆಟ್ರೋಲ್ ಹಾಕಿದರೆ ವಾರಂಟಿಗೆ ತೊಂದರೆ ಇಲ್ಲ ಅಂತ ಎರಡೂ ವಾರಂಟಿಯವರಿಂದ ಬರವಣಿಗೆಯಲ್ಲಿ ಕೇಳಿ. ಬರೆದುಕೊಡಲು ಹಿಂಜರಿದರೆ ಅದೂ ಒಂದು ಉತ್ತರವೇ.

ಹಳೆಯ ಮಾಲೀಕರು ಎಂಜಿನ್ ರೀಮ್ಯಾಪ್ (ಶಕ್ತಿ ಏರಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು) ಮಾಡಿಸಿದ್ದರೇ ಅನ್ನುವುದನ್ನೂ ತಪಾಸಣೆಯಲ್ಲಿ ನೋಡಿಸಿ. ಮಾರುವ ಮುಂಚೆ ಮತ್ತೆ ಮೊದಲಿನ ಹಾಗೆ ಮಾಡಿಸಿರುತ್ತಾರೆ. ಗುರುತು ಉಳಿಯುತ್ತದೆ, ಅದು ಕಂಡರೆ ವಾರಂಟಿಗೆ ತಕರಾರು. ಫೋಕ್ಸ್‌ವ್ಯಾಗನ್, ಆಡಿ, ಸ್ಕೋಡಾ ಗಾಡಿಗಳಲ್ಲಿ ಕಂಪನಿಯವರು ಇದನ್ನು ಟಿಡಿ1 ಅಂತ ದಾಖಲಿಸುತ್ತಾರೆ. ಆಕ್ಟೇವಿಯಾ ಆರ್‌ಎಸ್ ಕೊಂಡ ಎಷ್ಟೋ ಹುಡುಗರಿಗೆ ಆ ಮೂರು ಅಕ್ಷರ ವರ್ಕ್‌ಶಾಪಿನಲ್ಲೇ ಮೊದಲು ಗೊತ್ತಾಗಿದ್ದು.

ಮಿಸ್ತ್ರಿಯ ಪ್ರಶ್ನೆ. ಉದ್ಯಮಬಾಗದ ಕೈಗಳ ಬಗ್ಗೆ ನನಗೆ ಅನುಮಾನವೇ ಇಲ್ಲ. ಹೈಡ್ರಾಲಿಕ್ ಪಂಪು, ಎರಕದ ಬಿಡಿಭಾಗ ಮಾಡಿ ದೇಶಕ್ಕೆ ಕಳಿಸುವ ಊರು ನಮ್ಮದು. ಕಾನೂನು ಕೂಡ ಸ್ವಲ್ಪ ನಿಮ್ಮ ಕಡೆ ಮಾತಾಡಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದರೆ ಇಡೀ ವಾರಂಟಿ ರದ್ದು ಅನ್ನುವ ಸಾರಾಸಗಟು ಷರತ್ತು ಹಾಕಬಾರದು, ಹೊರಗಿನ ಕೆಲಸದಿಂದಲೇ ಹಾನಿಯಾಗಿದ್ದರೆ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತಲೂ ಹೇಳಿತು. ಆ 14ರಲ್ಲಿ ಪೋರ್ಷೆ ಇರಲಿಲ್ಲ. ಆದೇಶ ಮೇಲ್ಮನವಿಗೂ ಹೋಯಿತು. ಅದನ್ನು ನಂಬಿಕೊಂಡು ಎರಡೂವರೆ ಲಕ್ಷ ಕೊಟ್ಟು ಕೊಂಡ ವಾರಂಟಿಯನ್ನು ಪಣಕ್ಕಿಡಬೇಡಿ. ವಾರಂಟಿ ನಡೆಯುತ್ತಿರುವ ತನಕ ಆಯಿಲ್, ಕೂಲೆಂಟ್, ಬ್ರೇಕ್ ದ್ರವ ಎಲ್ಲವೂ ಕಂಪನಿಯಲ್ಲೇ. ಓಡಿಸದೆ ನಿಲ್ಲಿಸಿದ್ದರೂ ವರ್ಷದ ಸರ್ವಿಸ್ ತಪ್ಪಿಸಬೇಡಿ. ನಿಮ್ಮ ಮಿಸ್ತ್ರಿಗೆ ಗಾಳಿ, ತೊಳೆಯುವುದು, ಬ್ಯಾಟರಿ ಚಾರ್ಜರ್ ಬಿಟ್ಟುಕೊಡಿ.

ಜಗಳವಾದರೆ ಎಲ್ಲಿಗೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ಇರುವ ಊರಿನಲ್ಲೇ ದೂರು ಕೊಡಬಹುದು, ಮುಂಬೈಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿ ತನಕ ರಾಜ್ಯ ಆಯೋಗ. ಇಲ್ಲೊಂದು ಸೂಕ್ಷ್ಮ ಇದೆ. 58 ಲಕ್ಷದ ಕಾರಿನ ಬಗ್ಗೆ ವ್ಯಾಪಾರಿ ಮೇಲೆ ದೂರು ಅಂದರೆ ರಾಜ್ಯ ಆಯೋಗದ ಮಾತು. ವಾರಂಟಿಯನ್ನು ಬೇರೆ ಬಿಲ್ ಮಾಡಿಸಿ ಕೊಂಡಿದ್ದರೆ ಅದರ ಬಗೆಗಿನ ದೂರಿಗೆ ಆ ಎರಡೂವರೆ ಲಕ್ಷವೇ ಲೆಕ್ಕಕ್ಕೆ ಬರುತ್ತದೆ, ಬೆಳಗಾವಿಯ ಜಿಲ್ಲಾ ಆಯೋಗದಲ್ಲೇ ಕೂರಬಹುದು. ಅದಕ್ಕೇ ವಾರಂಟಿಗೆ ಪ್ರತ್ಯೇಕ ಬಿಲ್ ಕೇಳಿ. ಗಡುವು ಎರಡು ವರ್ಷ.

ಇನ್ನು ನಿಮ್ಮ ತಂದೆಯವರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೊರಗಿನ ವಾರಂಟಿ ಮತ್ತು ಬ್ಯಾಂಕು, ಇವೆರಡರ ನಡುವೆ ಆರಿಸುವುದಾದರೆ ನಾನು ಅವರ ಕಡೆ. ಆ 80 ಸಾವಿರ ಬ್ಯಾಂಕಿನಲ್ಲಿದ್ದರೆ ಅದನ್ನು ತೆಗೆಯಲು ಯಾರ ಒಪ್ಪಿಗೆಯೂ ಬೇಡ. ಆದರೆ ಮೊದಲ ವರ್ಷ ಗಾಡಿಯ ಗುಣ ನಮಗೆ ಗೊತ್ತಿರುವುದಿಲ್ಲ, ಕೇಮನ್ನಿನ ಒಂದು ದೊಡ್ಡ ಕೆಲಸಕ್ಕೆ ಬ್ಯಾಂಕಿನ ಆ ಗಂಟು ಚಿಕ್ಕದು. ಹೀಗೆ ಮಾಡಿ: ಮೊದಲ ವರ್ಷ, ಸಾಧ್ಯವಾದರೆ ಎರಡು ವರ್ಷ, ಕಂಪನಿ ವಾರಂಟಿ. ಅಷ್ಟರಲ್ಲಿ ತಿಂಗಳಿಗೆ ಇಷ್ಟು ಅಂತ ತಂದೆಯವರ ಹೇಳಿಕೆಯಂತೆ ಬೇರೆ ಖಾತೆಗೆ ಹಾಕುತ್ತ ಬನ್ನಿ. ಆಮೇಲೆ ಗಾಡಿಯ ಸರ್ವಿಸ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮುಂದುವರಿಸಬೇಕೇ ಅಂತ ನೋಡಿದರಾಯಿತು. ಮಹಾರಾಷ್ಟ್ರದಿಂದ ಎನ್‌ಒಸಿ ತಂದು ಕೆಎ-22 ಮಾಡಿಸುವಾಗ ಕಟ್ಟುವ ರಸ್ತೆ ತೆರಿಗೆಯನ್ನೂ ಮೊದಲೇ ಆರ್‌ಟಿಒದಲ್ಲಿ ಕೇಳಿಡಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ 18%. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ. ಇಳಿಸಿದ ಮೇಲೂ ಆ ಅಂಕಿ ಕೇಳಿದರೆ ವಾರಂಟಿಯ ದುಡ್ಡು ಚಿಲ್ಲರೆ ಅನಿಸೀತು.

ಈ ವಾರವೇ ವ್ಯಾಪಾರಿಗೆ ಫೋನ್ ಮಾಡಿ: ‘ಗಾಡಿಯನ್ನು ಪೋರ್ಷೆ ಸೆಂಟರಿಗೆ ಕಳಿಸಿ, ತಪಾಸಣೆಯ ದುಡ್ಡು ನಾನು ಕೊಡುತ್ತೇನೆ, ಪಾಸಾದರೆ ಮಾತ್ರ ಟೋಕನ್.’ ಒಪ್ಪಿದರೆ ವರದಿ ಬಂದ ಮೇಲೆ, ಗಂಟೆಯ ಲೆಕ್ಕದ ಆ ಪುಟ ಸೇರಿಸಿ ನನಗೆ ಮತ್ತೆ ಬರೆಯಿರಿ. ‘ಅದೆಲ್ಲ ಯಾಕೆ ಸರ್, ನಮ್ಮ ವಾರಂಟಿ ಇದೆಯಲ್ಲ’ ಅಂದರೆ ಆ ಗಾಡಿ ಬಿಟ್ಟು ಬೇರೆ ನೋಡಿ.